ಕಿರುಬೆರಳಿಗೆ ಪಿನ್ ಇಲ್ಲ

ನಾನು ಕೈ ಮಡಚಿದರೆ ಪರದೆ ಮೇಲಿನ ಕೈಯೂ ಮಡಚಬೇಕು. ನನ್ನ ಆಸೆ ಇಷ್ಟೇ. ಆದರೆ ಇದಕ್ಕೆಂದೇ ಮಾರುವ ಗ್ಲೌಸಿನ ಬೆಲೆ ನೋಡಿದರೆ ಬಿಚ್ಚಿದ ಕೈ ತಾನಾಗೇ ಮುಷ್ಟಿ ಕಟ್ಟುತ್ತದೆ. ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಹೊರಟೆ.

"ಸುಮ್ನೆ ಕ್ಯಾಮೆರಾ ಮುಂದೆ ಕೈ ಆಡಿಸಿದ್ರೆ ಆಗಲ್ವಾ?" ಎಂದಳು ಹೆಂಡತಿ. ಆಗುತ್ತದೆ. ಆದರೆ ಒಂದು ಬೆರಳಿನ ಹಿಂದೆ ಇನ್ನೊಂದು ಅಡಗಿತೋ, ಕ್ಯಾಮೆರಾ ಊಹೆ ಮಾಡಲು ಶುರು ಮಾಡುತ್ತದೆ. ನಾನು ಏನು ಮಾಡುತ್ತಿದ್ದೇನೆ ಅಂತ ಊಹೆ ಮಾಡುವವರು ಮನೆಯಲ್ಲಿ ಈಗಾಗಲೇ ಇದ್ದಾರೆ. (ಇದನ್ನು ಜೋರಾಗಿ ಹೇಳಲಿಲ್ಲ.)

ಐಡಿಯಾ ಹೊಸದೇನಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1977ರಲ್ಲೇ ಸೇಯರ್ ಗ್ಲವ್ ತಯಾರಾಗಿತ್ತು. ಬೆರಳಿನುದ್ದಕ್ಕೂ ಬಗ್ಗುವ ಕೊಳವೆ, ಒಂದು ತುದಿಗೆ ದೀಪ, ಇನ್ನೊಂದು ತುದಿಗೆ ಬೆಳಕು ಅಳೆಯುವ ಫೋಟೋಸೆಲ್. ಬೆರಳು ಬಗ್ಗಿದಷ್ಟೂ ಬೆಳಕು ಕಡಿಮೆ. ಆಮೇಲೆ 1989ರಲ್ಲಿ ನಿಂಟೆಂಡೊ ಆಟಗಳಿಗಾಗಿ ಪವರ್ ಗ್ಲವ್ ಬಂತು. ಅದರಲ್ಲಿ ಕಿರುಬೆರಳಿಗೆ ಸೆನ್ಸರೇ ಇರಲಿಲ್ಲ. ಎಂಥ ಅನ್ಯಾಯ, ಅಲ್ವಾ?

ನಾನು ಹಿಡಿದದ್ದು ಫ್ಲೆಕ್ಸ್ ಸೆನ್ಸರ್. ತೆಳ್ಳಗಿನ ಪಟ್ಟಿ, ಬಗ್ಗಿದಷ್ಟೂ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಜಾಸ್ತಿ. ಜೊತೆಗೊಂದು ರೆಸಿಸ್ಟರ್ ಸೇರಿಸಿ ಆರ್ಡುಯಿನೋ ಊನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಟ್ಟರೆ 0ಯಿಂದ 1023ರೊಳಗೆ ಒಂದು ಸಂಖ್ಯೆ ಬರುತ್ತದೆ. ಊನೋದಲ್ಲಿ ಇಂಥ ಏರಿಳಿತ ಓದುವ ಅನಲಾಗ್ ಪಿನ್ ಆರು, ಬೆರಳು ಐದು. ಒಂದು ಮಿಕ್ಕಿತಲ್ಲ ಅಂತ ಖುಷಿಯೋ ಖುಷಿ. ಅಂಗೈ ಯಾವ ಕಡೆ ತಿರುಗಿದೆ ಅಂತ ತಿಳಿಯಲು ಎಂಪಿಯು-6050 ಅನ್ನುವ ಚಿಪ್ ತಂದೆ. ಅದು ಮಾತಾಡುವ ಎರಡು ತಂತಿ ಹೋಗಿ ಸೇರುವುದೆಲ್ಲಿಗೆ? ಆ ಆರರಲ್ಲೇ ಎ4, ಎ5 ಅನ್ನುವ ಪಿನ್ನಿಗೇ. ಬೆರಳು ತೋರಿಸಿದರೆ ಹಸ್ತ ನುಂಗುತ್ತಾರೆ ಅಂತಾರೆ. ಇಲ್ಲಿ ಹಸ್ತ ತೋರಿಸಿದ್ದಕ್ಕೆ ಬೆರಳು ನುಂಗಿತು. ಉಳಿದದ್ದು ನಾಲ್ಕು ಪಿನ್. ಕಿರುಬೆರಳು ಮತ್ತೆ ಹೊರಗೆ.

ಇನ್ನು ಹೊಲಿಗೆ. ಸೆನ್ಸರನ್ನು ಬಟ್ಟೆಗೆ ಪೂರ್ತಿ ಅಂಟಿಸುವ ಹಾಗಿಲ್ಲ. ಬೆರಳು ಮಡಚಿದರೆ ಬೆನ್ನಿನ ಬಟ್ಟೆ ಹಿಗ್ಗುತ್ತದೆ, ಸೆನ್ಸರ್ ಹಿಗ್ಗುವುದಿಲ್ಲ. ಬುಡ ಗಟ್ಟಿಯಾಗಿ ಕಟ್ಟಿ, ತುದಿ ಜಾರಾಡುವಂತೆ ಉದ್ದನೆಯ ಜೇಬು ಹೊಲಿಯಬೇಕು. ಹೊಲಿದೆ. ಆದರೂ ಬೆಸುಗೆ ಹಾಕಿದ ಜಾಗಕ್ಕೆ ನನ್ನ ಮೇಲೆ ಅದೇನು ಸಿಟ್ಟೋ! ಗ್ಲೌಸ್ ಹಾಕುವಾಗ ನಾಲ್ಕು ಬೆರಳಿಗೆ ಜೀವ, ತೆಗೆಯುವಾಗ ಮೂರಕ್ಕೆ.

ಕ್ಯಾಲಿಬ್ರೇಶನ್, ಅಂದರೆ ಗ್ಲೌಸಿಗೆ ನನ್ನ ಕೈಯ ಅಳತೆ ಕಲಿಸುವುದು, ಕೇಳಲು ಸುಲಭ. ಮೊದಲು ಕೈ ಪೂರ್ತಿ ಬಿಚ್ಚಬೇಕು, ಆಮೇಲೆ ಬಿಗಿಯಾಗಿ ಮುಷ್ಟಿ ಹಿಡಿಯಬೇಕು. ನಡುವಿನದನ್ನೆಲ್ಲ ಪ್ರೋಗ್ರಾಮ್ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಕೈ ಬಿಚ್ಚಿ ಅಲುಗಾಡದೆ ಕೂತ ತಕ್ಷಣ ಮೂಗು ತುರಿಸುತ್ತದೆ. ತಪ್ಪುವುದೇ ಇಲ್ಲ. ಎಡಗೈ ಎಂಟರ್ ಕೀ ಕಾಯುತ್ತಿರುತ್ತದೆ, ಬಲಗೈಯನ್ನು ಯುಎಸ್‌ಬಿ ಕೇಬಲ್ ಕಟ್ಟಿ ಹಾಕಿರುತ್ತದೆ. ತಡೆಯಲಾರದೆ ಬಲಗೈ ಎತ್ತಿದೆ. ಲ್ಯಾಪ್‌ಟಾಪ್ ಕೂಡ ನನ್ನ ಮೂಗಿನ ಕಡೆಗೇ ಹೊರಟಿತು. ಎಡಗೈಯಿಂದ ಅದನ್ನು ಹಿಡಿದುಕೊಂಡು ನೋಡಿದರೆ, ಪರದೆಯಲ್ಲಿ ಒಂದು ಕೈ ಬಹಳ ಶ್ರದ್ಧೆಯಿಂದ ಗಾಳಿ ಕೆರೆಯುತ್ತಿತ್ತು.

ಕೈಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟರೂ ನೆಮ್ಮದಿ ಇಲ್ಲ. ಎಂಪಿಯು-6050ರಲ್ಲಿ ದಿಕ್ಸೂಚಿ ಇಲ್ಲ. ಎಡ-ಬಲ ತಿರುಗಿದ್ದನ್ನು ಕೂಡುತ್ತಾ ಕೂಡುತ್ತಾ ಚೂರುಪಾರು ತಪ್ಪನ್ನೂ ಕೂಡಿಬಿಡುತ್ತದೆ. ಪರದೆಯ ಕೈ ಮೆಲ್ಲಗೆ ತಿರುಗಿ, ಕೊನೆಗೆ ನನ್ನ ಕಡೆಗೇ ಬೆರಳು ಮಾಡಿತು.

ಕೇಬಲ್ಲಿನ ಸಹವಾಸ ಸಾಕು ಅಂತ ಇಎಸ್‌ಪಿ32 ಬೋರ್ಡಿಗೆ ಬದಲಾಯಿಸಿದೆ. ವೈಫೈ ಉಂಟು, ಪಿನ್ನುಗಳೂ ಧಾರಾಳ. ಕಿರುಬೆರಳಿಗೆ ಗೌರವದಿಂದ 27ನೇ ಪಿನ್ ಕೊಟ್ಟೆ. ಕೇಬಲ್ ಇದ್ದಾಗ ಐದೂ ಬೆರಳು ಲಕ್ಷಣವಾಗಿ ಆಡಿದವು. ಕೇಬಲ್ ಕಿತ್ತು ವೈಫೈ ಹಾಕಿದೆನೋ ಇಲ್ಲವೋ, ಕಿರುಬೆರಳು ಕಲ್ಲಾಯಿತು. ಈ ಬೋರ್ಡಿನಲ್ಲಿ ಅನಲಾಗ್ ಓದುವ ಘಟಕ ಎರಡಿವೆ. ವೈಫೈ ಶುರುವಾದರೆ ಎರಡನೆಯದು ಅದರ ಪಾಲು, ನಮಗಿಲ್ಲ. 27 ಇರುವುದು ಆ ಎರಡನೆಯದರಲ್ಲಿ. ತಂತಿಯನ್ನು 34ಕ್ಕೆ ಹಾಕಿದ ಮೇಲೆ ಅಂತೂ ಇಂತೂ ಕಿರುಬೆರಳು ಎದ್ದಿತು.

ಎದ್ದದ್ದೇನೋ ಸರಿ, ಅದನ್ನು ಮಡಚಿದರೆ ಪಕ್ಕದ ಉಂಗುರದ ಬೆರಳೂ ಅರ್ಧ ಬಗ್ಗುತ್ತಿತ್ತು. ತಂತಿಗೆ ತಂತಿ ತಾಗಿರಬೇಕು ಅಂತ ಹೊಲಿಗೆ ಬಿಚ್ಚಿ, ಮೀಟರ್ ಇಟ್ಟು ಒಂದೊಂದೇ ನೋಡಿದೆ. ಎಲ್ಲ ಸರಿ ಇದೆ! ಹೆಂಡತಿ ಸ್ವಲ್ಪ ಹೊತ್ತು ನೋಡಿ, "ಗ್ಲೌಸ್ ಇಲ್ದೆ ಒಂದ್ಸಲ ಮಡಚಿ ನೋಡ್ರಿ" ಎಂದಳು. ಮಡಚಿದೆ. ಉಂಗುರದ ಬೆರಳು ಜೊತೆಗೇ ಬಂತು. ಬೆರಳ ತುದಿಗಳನ್ನು ಮಡಚುವ ಸ್ನಾಯು ಇರುವುದು ಮೊಣಕೈ ಕೆಳಗೆ. ಅಲ್ಲಿ ಈ ಅಣ್ಣತಮ್ಮಂದಿರಿಗೆ ಆಸ್ತಿ ಇನ್ನೂ ಪಾಲಾಗಿಲ್ಲ. ಅದಕ್ಕೆ ಯಾವ ಪಿನ್ ಬದಲಾಯಿಸುವುದು?

ಎಲ್ಲ ಮುಗಿಯಿತು ಅನ್ನುವಾಗ ಮಗಳು ಗ್ಲೌಸ್ ಹಾಕಿಕೊಂಡಳು. ಅವಳ ಪುಟ್ಟ ಕೈಯಲ್ಲಿ ಸೆನ್ಸರುಗಳು ನನ್ನ ಲೆಕ್ಕದ ಸೊನ್ನೆಗಿಂತ (ಅಂದರೆ ಪೂರ್ತಿ ಬಿಚ್ಚಿದ ಕೈಗಿಂತ) ಕೆಳಗೆ ಹೋದವು. ಸೆನ್ಸರಿನ ಸಂಖ್ಯೆಯನ್ನು ಬೆರಳಿನ ಮಡಿಕೆಗೆ ಹೊಂದಿಸುವ ಆರ್ಡುಯಿನೋ ಪ್ರೋಗ್ರಾಮಿನ ಮ್ಯಾಪ್ ಫಂಕ್ಷನ್ ಮಿತಿ ದಾಟಿದರೂ ತಡೆಯುವುದಿಲ್ಲ, ಹೋಗು ಅಂತ ಬಿಡುತ್ತದೆ. ಪರದೆಯ ಬೆರಳುಗಳೆಲ್ಲ ಹಿಂದಕ್ಕೆ ಮಡಚಿ ಮುಂಗೈ ಬೆನ್ನಿಗೆ ತಾಗಿದವು. ನೋಡಿದರೆ ಮೈ ಜುಮ್ಮೆನ್ನಬೇಕು, ಅವಳಿಗೆ ನಗು ತಡೆಯಲಾಗಲಿಲ್ಲ.

"ಅಪ್ಪಾ, ಇದನ್ನ ಸರಿ ಮಾಡ್ಬೇಡ. ಎಡಗೈಗೂ ಹೀಗೇ ಬರೋದು ಒಂದು ಮಾಡಿಕೊಡು!"