ಪೇಂಟರ್‌ಗೆ ಫೋನ್ ಹಚ್ಚೋಕಿಂತ ಮೊದ್ಲು ನೀರು ಎಲ್ಲಿಂದ ಬರ್ಲಿಕತ್ತದ ಹುಡುಕ್ರಿ

ನಿನ್ನಿ ತಂಗಿ ಸಲುವಾಗಿ ಒಂದು ಬಾಡಗಿ ಮನಿ ನೋಡ್ಲಿಕ್ಕ ಹೋಗಿದ್ದೆ. ಮಾಲಕರು ಬಾಗ್ಲಾ ತೆಗ್ಯೋದ್ರಾಗೇ "ಹೊಸಾ ಪೇಂಟ್ ಹೊಡ್ಸೀವ್ರಿ, ಒಂದ್ ವಾರಾನೂ ಆಗಿಲ್ಲ" ಅಂದ್ರು. ಪೇಂಟಿನ ವಾಸನಿ ಕೆಳಗ ಇನ್ನೊಂದು ವಾಸನಿ ಇತ್ತು, ಮಳಿಗಾಲದಾಗ ಪೆಟ್ಟಿಗಿ ಒಳಗಿನ ಹಳೀ ಕೌದಿ ತೆಗದ್ರ ಬರ್ತದಲ್ಲ, ಅದು. ಮೂಲಿ ಗೋಡಿಗೆ ಕೈ ಇಟ್ಟೆ, ಥಣ್ಣಗ ಹತ್ತಿತು. ಬೂಷ್ಟಿನ ಮ್ಯಾಲೇ ಬಣ್ಣ ಬಳದಾರ. ತಂಗಿ ಮಗಂದು ಇನ್ನಾ ಎರಡು ವರ್ಷ ವಯಸ್ಸು, ಆ ಮೂಲ್ಯಾಗೇ ಮಂಚಾ ಹಾಕ್ಬೇಕಂತ. ರಾತ್ರಿ ನಿದ್ದಿ ಹತ್ತಲಿಲ್ಲ, ಅದಕ್ಕ ಇಷ್ಟುದ್ದ ಬರೀಲಿಕತ್ತೀನಿ.

ಯಾಕಂದ್ರ ಇದೇ ತಪ್ಪು ನಾವೂ ಮೂರ್ ವರ್ಷ ಮಾಡೀವಿ. 2020ರ ಅಕ್ಟೋಬರ್ ಮಳಿ ನಮ್ ಕಡಿ ಯಾರೂ ಮರ್ತಿಲ್ಲ, ಭೀಮಾ ದಂಡಿ ಊರಾಗೆಲ್ಲಾ ನೀರು ಹೊಕ್ಕು ಮಂದಿ ಕಾಳಜಿ ಕೇಂದ್ರದಾಗ ಇದ್ರು. ನಮ್ಮನಿ ಕಲಬುರಗಿ ಸಿಟಿ ಒಳಗ, ಹೊಳಿ ದೂರ, ಆದ್ರೂ ಚರಂಡಿ ತುಂಬಿ ಮೊಣಕಾಲ್ ಮಟ ನೀರು ಒಳಗ ಬಂತು. ನೀರು ಇಳದ್ ಮ್ಯಾಲ ಫರ್ಸಿ ತೊಳದು, ಫಿನಾಯಿಲ್ ಹೊಡದು, ತಿಜೋರಿ ಮತ್ತ ಗೋಡಿಗೆ ಹಚ್ಚಿ ಇಟ್ವಿ. ನಮ್ದು ಬಿಸಿಲ ನಾಡು, ಮೇ ತಿಂಗಳಾಗ 42-43 ಡಿಗ್ರಿ, ಇಲ್ಲಿ ಎಲ್ಲಾ ತಾನಾಗೇ ಒಣಗ್ತದ ಅಂತ ತಿಳ್ಕೊಂಡಿದ್ವಿ. ಬೂಷ್ಟು ಮೇ ತನಕ ಕಾಯಂಗಿಲ್ರಿ, ಹಸಿ ಇದ್ದ ಜಾಗಾದಾಗ 24 ರಿಂದ 48 ತಾಸಿನ್ಯಾಗ ಬೆಳೀಲಿಕ್ಕ ಸುರು ಮಾಡ್ತದ. ಗೋಡಿ ಮ್ಯಾಲಿನ ಧೂಳು, ಪ್ಲೈವುಡ್, ಪೇಪರ್, ಬಟ್ಟಿ ಎಲ್ಲಾ ಅದಕ್ಕ ಊಟ.

ತಿಜೋರಿ ಹಿಂದ ಕರ್ರಗ ಆಗಿದ್ದು ನಮಗ ತಿಳದದ್ದು ಅವ್ವನ ದಮ್ಮು ಜಾಸ್ತಿ ಆದಾಗ. ಅವ್ವ ಆ ಖೋಲಿಯೊಳಗ ಮಲಗಿದ್ರ ರಾತ್ರಿಯಿಡೀ ಕೆಮ್ಮು, ಅಣ್ಣನ ಮನಿಗೆ ಹೋಗಿ ನಾಕ್ ದಿನಾ ಇದ್ರ ಆರಾಮ. ಪೇಂಟರ್ ಬಂದ, ಕೆರದ, ಡ್ಯಾಂಪ್ ಪ್ರೂಫ್ ಅಂತ ಎರಡು ಕೋಟ್ ಹೊಡದ, ಮುಂದಿನ ಮಳಿಗಾಲಕ್ಕ ಪುಟ್ಟಿ ಸಮೇತ ಕಿತ್ತಿ ಬಂತು. ಮತ್ತ ಹೊಡಸಿದ್ವಿ, ಮತ್ತ ಬಂತು. ಮೂರನೇ ವರ್ಷ ಒಬ್ಬ ವಯಸ್ಸಾದ ಗೌಂಡಿ ಬಂದು ಬಣ್ಣದ ಮಾತೇ ಎತ್ತಲಿಲ್ಲ, "ಈ ಗ್ವಾಡಿ ಹಿಂದ ಏನದ?" ಅಂತ ಕೇಳ್ದ. ಬಾತ್‌ರೂಮ್ ಇತ್ತು. ರಾತ್ರಿ ಎಲ್ಲಾ ನಳ ಬಂದ್ ಮಾಡಿ ಮಾಳಗಿ ಮ್ಯಾಲಿನ ಟ್ಯಾಂಕಿನ ನೀರಿನ ಮಟ್ಟಕ್ಕ ಗುರ್ತು ಹಾಕ್ರಿ ಅಂದ. ಮುಂಜಾನಿ ನೋಡಿದ್ರ ಎರಡು ಬೆರಳು ಇಳದಿತ್ತು. ಗ್ವಾಡಿ ಒಳಗಿನ ಪೈಪಿನ ಜಾಯಿಂಟ್ ಸೋರ್ತಿತ್ತು. ಪ್ರವಾಹದ ನೀರು ಯಾವಾಗೋ ಹೋಗಿತ್ತು, ನಾವು ಅದರ ಮ್ಯಾಲೇ ತಪ್ಪು ಹಾಕ್ಕೋತ ಕೂತಿದ್ವಿ.

ಹಸಿ ಗೋಡ್ಯಾಗಿಂದೇ ಬರ್ತದೋ ಖೋಲಿ ಗಾಳ್ಯಾಗಿಂದೋ ಗೊತ್ತಾಗ್ಲಿಲ್ಲ ಅಂದ್ರ ಒಂದು ಫೂಟಿನ ಪ್ಲಾಸ್ಟಿಕ್ ಹಾಳಿ ನಾಕೂ ಕಡಿ ಟೇಪ್ ಹಚ್ಚಿ ಎರಡು ದಿನ ಬಿಡ್ರಿ. ಗೋಡಿ ಕಡಿ ಹನಿ ಕಟ್ಟಿದ್ರ ನೀರು ಗೋಡಿ ಒಳಗಿಂದು, ಹೊರಗಿನ ಕಡಿ ಹನಿ ಇದ್ರ ಖೋಲಿ ಗಾಳೀದು, ಅಂದ್ರ ಒಳಗ ಬಟ್ಟಿ ಒಣಗ್ಸೋದು, ಕಿಡಕಿ ಮುಚ್ಚಿ ಕೂಲರ್ ಹಚ್ಚೋದು ಇಂಥಾದ್ರಿಂದ. ಬೆಳ್ಳಗ ಪುಡಿ ಕಂಡ್ರೆಲ್ಲಾ ಬೂಷ್ಟಲ್ಲ ಮತ್ತ, ಅದರ ಮ್ಯಾಲ ಒಂದ್ ಹನಿ ನೀರು ಬಿಡ್ರಿ, ಕರಗಿದ್ರ ಅದು ಗೋಡಿ ಉಪ್ಪು. ಆದ್ರ ಉಪ್ಪು ಬಂದದ ಅಂದ್ರೂ ಅಲ್ಲಿ ನೀರು ಅದ ಅಂತೇ ಅರ್ಥ.

ಪೈಪ್ ಸರಿ ಮಾಡಿ ಗಿಲಾವ್ ಇಟ್ಟಂಗಿ ತನಕ ಕೆಡವಿಸಿ ಮಾರ್ಚಿನಿಂದ ಮೇ ತನಕ ಹಂಗೇ ಬಿಟ್ವಿ. ಬಂದ ಬೀಗರೆಲ್ಲಾ ಇದೇನು ಅಂತ ಕೇಳೋರು, ಕೇಳ್ಲಿ ಬಿಡ್ರಿ. ನಮ್ಮ ಬಿಸಿಲಿಗೆ ಬೈಯೋ ಬದ್ಲಿ ಹಿಂಗ ಉಪಯೋಗ ಮಾಡ್ಕೋಬೇಕು, ಅಂಥಾ ಒಣಗಸೋ ಮಷೀನ್ ಯಾವ ದುಕಾನದಾಗೂ ಸಿಗಂಗಿಲ್ಲ.

ಜಾಗಾ ಸಣ್ಣದಿದ್ರ, ಅಂದ್ರ ಮೂರು ಫೂಟ್ ಉದ್ದಾ ಅಗಲಾ ಅಷ್ಟ್ರೊಳಗ, ನೀವೇ ತೊಳೀಬಹುದು. ಕೊರೋನಾ ಟೈಮಿನ ಎನ್95 ಮಾಸ್ಕ್ ಇದ್ರ ಹಾಕ್ಕೋರಿ, ಕೈಗೆ ರಬ್ಬರ್ ಗ್ಲೌಸ್. ಒಣಾ ಬ್ರಶ್‌ಲೆ ತಿಕ್ಬ್ಯಾಡ್ರಿ, ಕಣ್ಣಿಗೆ ಕಾಣದ ಅದರ ಬೀಜ ಮನಿ ತುಂಬಾ ಹಾರ್ತಾವ. ಮೊದ್ಲು ಹಸಿ ಮಾಡಿ, ಬಟ್ಟಿ ಸೋಪಿನ ಪುಡಿ ನೀರಾಗ ತಿಕ್ಕಿ ಒರಸ್ರಿ, ಆ ಅರಿವಿ ಬಿಸಾಡ್ರಿ. ನೀರು ಬಂದ ಮೊದಲ ದಿನ ಫ್ಯಾನ್ ಹಚ್ಚೋದು ಛಲೋ, ಬೂಷ್ಟು ಕಂಡ ಮ್ಯಾಲ ಅದರ ಮುಂದ ಫ್ಯಾನ್ ಇಡಬಾರ್ದು. ನೆಂದ ಹತ್ತಿ ಗಾದಿಗೆ ಬೂಷ್ಟು ಬಂದಿದ್ರ, ಚರಂಡಿ ನೀರು ಹತ್ತಿದ್ರಂತೂ, ಎಷ್ಟೇ ರೊಕ್ಕದ್ದಿರ್ಲಿ ಒಗೀರಿ, ಒಳಗಿಂದು ತೊಳೀಲಿಕ್ಕ ಆಗಂಗಿಲ್ಲ.

ಬ್ಲೀಚಿಂಗ್ ಪೌಡರ್ ಹಾಕಿದ್ರ ಕರೀ ಕಲೆ ಬೆಳ್ಳಗಾಗ್ತದ ಖರೆ, ಆದ್ರ ಗಿಲಾವಿನ ಒಳಗ ಇಳದ ಬೇರು ಹಂಗೇ ಉಳೀತದ. ಸತ್ತ ಬೂಷ್ಟೂ ದಮ್ಮು ಇದ್ದವರಿಗೆ ತ್ರಾಸ ಕೊಡ್ತದ, ಅದಕ್ಕ ಕೊಲ್ಲೋದಲ್ಲ, ತೆಗೀಬೇಕು. ಇನ್ನೊಂದು ಮಾತು, ಇದನ್ನ ಮನ್ಯಾಗ ಎಲ್ಲಾರಿಗೂ ಹೇಳ್ರಿ: ಬ್ಲೀಚಿಂಗ್ ಜೋಡಿ ಬಾತ್‌ರೂಮ್ ಆಸಿಡ್ ಯಾವತ್ತೂ ಕೂಡಸ್ಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಏಳ್ತದ, ಬಾಗ್ಲಾ ಹಾಕಿದ ಸಣ್ಣ ಖೋಲ್ಯಾಗ ಜೀವಕ್ಕ ಅಪಾಯ. ವಿಡಿಯೋದಾಗ ವಿನೆಗರ್ ಅಂತ ತೋರಸ್ತಾರ, ಅದೂ ಆಸಿಡ್ಡೇ, ಅದನ್ನೂ ಬ್ಲೀಚಿಂಗ್ ಜೋಡಿ ಹಾಕಬಾರ್ದು. ಮ್ಯಾಲಾಗಿ ನಮ್ಮ ಶಹಾಬಾದ ಫರ್ಸಿ ಸುಣ್ಣದ ಕಲ್ಲು, ವಿನೆಗರ್ ಬಿದ್ರ ಕಲ್ಲೇ ತಿಂದು ಕಲೆ ಉಳೀತದ.

ಮನಿ ಬಾಡಗಿ ಕೊಡೋರಿಗೆ ಕೈ ಮುಗದು ಕೇಳ್ತೀನಿ, ಪೇಂಟಿಗೆ ಹಾಕೋ ರೊಕ್ಕ ಮೊದ್ಲು ಪೈಪಿಗೆ, ಮಾಳಗಿ ಸಂದಿಗೆ ಹಾಕ್ರಿ. ಬರೋರ ಮನ್ಯಾಗೂ ಸಣ್ಣ ಮಕ್ಕಳು, ವಯಸ್ಸಾದ ತಂದಿ ತಾಯಿ ಇರ್ತಾರ.

ನಿನ್ನಿ ಆ ಮಾಲಕರ ಜೋಡಿ ಜಗಳಾ ಮಾಡ್ಲಿಲ್ಲ. ಕೇಳ್ಕೊಂಡೆ, ಒಪ್ಪಿದ್ರು, ಆ ಮೂಲ್ಯಾಗ ಪ್ಲಾಸ್ಟಿಕ್ ಹಾಳಿ ಅಂಟಿಸಿ ಬಂದೀನಿ. ನಾಳಿ ಸಂಜಿಕ ತಂಗೀನ ಕರ್ಕೊಂಡು ಹೋಗಿ ಬಿಚ್ಚಿ ನೋಡ್ತೀನಿ, ಅಲ್ಲೀತನಕ ಅಡ್ವಾನ್ಸ್ ಕೊಡಬ್ಯಾಡ ಅಂದೀನಿ.