ತಂದೆಯನ್ನು ಕರೆದುಕೊಂಡು ಬಾ ಎನ್ನುವವರಿಗೆ

ಕಳೆದ ವರ್ಷ ಜುಲೈನಲ್ಲಿ ಒಬ್ಬ ಹುಡುಗನ ಜೊತೆ ಬಾಡಿಗೆ ಮನೆ ಹುಡುಕುತ್ತ ಹನ್ನೊಂದು ಮನೆಗಳ ಮೆಟ್ಟಿಲು ಹತ್ತಿ ಇಳಿದೆ. ಅವನು ಬಾಲಮಂದಿರದಲ್ಲಿ ಬೆಳೆದವನು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಭಾನುವಾರಗಳಂದು ಅಲ್ಲಿನ ಮಕ್ಕಳಿಗೆ ಗಣಿತ ಹೇಳಿಕೊಡಲು ಹೋಗುತ್ತಿದ್ದೆ, ಪರಿಚಯವಾದದ್ದು ಹಾಗೆ. ಹದಿನೆಂಟು ತುಂಬಿತ್ತು, ಐಟಿಐ ಮುಗಿದಿತ್ತು, ಪೀಣ್ಯದಲ್ಲಿ ಹದಿನಾಲ್ಕು ಸಾವಿರ ಸಂಬಳದ ಕೆಲಸವೂ ಸಿಕ್ಕಿತ್ತು. ಸಿಗದೆ ಹೋದದ್ದು ಒಂದು ಕೋಣೆ.

"ಯಾವ ಊರು? ಯಾವ ಜನ? ತಂದೆ ಏನು ಮಾಡುತ್ತಾರೆ?" ಬೆಂಗಳೂರಿನಲ್ಲಿ ಮನೆ ನೋಡಿದವರಿಗೆಲ್ಲ ಈ ಮೂರು ಪ್ರಶ್ನೆಗಳು ಗೊತ್ತು. ಮೂರರಲ್ಲಿ ಒಂದಕ್ಕೂ ಅವನ ಬಳಿ ಉತ್ತರವಿರಲಿಲ್ಲ. "ತಂದೆಯವರನ್ನು ಕರೆದುಕೊಂಡು ಬಾ, ಆಮೇಲೆ ಮಾತನಾಡೋಣ" ಎಂದವರು ನಾಲ್ವರು. ಒಬ್ಬರು ಆಧಾರ್ ಕಾರ್ಡಿನ ವಿಳಾಸ ಓದಿ, "ಇದು ರಿಮ್ಯಾಂಡ್ ಹೋಮ್ ಅಲ್ಲವೇ?" ಎಂದು ಕಾರ್ಡನ್ನು ಹಿಂದಕ್ಕೆ ಕೊಟ್ಟರು. ಅಲ್ಲ. ತಂದೆತಾಯಿ ಇಲ್ಲದವರು, ರೈಲ್ವೆ ನಿಲ್ದಾಣದಲ್ಲಿ ಸಿಕ್ಕವರು, ದುಡಿಮೆಯಿಂದ ಬಿಡಿಸಿ ತಂದವರು, ಇಂಥ ಮಕ್ಕಳು ಇರುವುದು ಬಾಲಮಂದಿರದಲ್ಲಿ. ಅಪರಾಧದ ಆರೋಪ ಹೊತ್ತ ಮಕ್ಕಳಿಗೆ ಬೇರೆಯೇ ವೀಕ್ಷಣಾಲಯಗಳಿವೆ. ಅಲ್ಲಿಂದ ಬಂದವನಿಗೂ ತಲೆಯ ಮೇಲೆ ಸೂರು ಬೇಕು ಎನ್ನುವವಳು ನಾನು, ಆ ಮಾತು ಇರಲಿ.

ಹನ್ನೆರಡನೆಯ ಮನೆಯವರು ಒಪ್ಪಿದರು. ಹುಡುಗ ಅದೇ ಹುಡುಗ, ಸಂಬಳ ಅದೇ ಸಂಬಳ. ಕರಾರು ಪತ್ರದಲ್ಲಿ ಜಾಮೀನುದಾರಳಾಗಿ ನಾನು ಸಹಿ ಹಾಕುತ್ತೇನೆ ಎಂದೆ, ಅಷ್ಟೇ ವ್ಯತ್ಯಾಸ. ಆ ದಿನ ನನಗೆ ಸಂತೋಷವಾಗಲಿಲ್ಲ, ಹೊಟ್ಟೆಯಲ್ಲಿ ಸಂಕಟವಾಯಿತು. ಸಹಿ ಹಾಕುವವರು ಇಲ್ಲದ ಉಳಿದ ಹುಡುಗರ ಗತಿಯೇನು?

ಕಾನೂನು ಇದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ, 18 ತುಂಬಿ ಸಂಸ್ಥೆಯಿಂದ ಹೊರಡುವವರಿಗೆ ಆರ್ಥಿಕ ನೆರವನ್ನು 'ನೀಡಬಹುದು' ಎನ್ನುತ್ತದೆ. 'ನೀಡತಕ್ಕದ್ದು' ಎನ್ನುವುದಿಲ್ಲ. ಮೂವತ್ತು ವರ್ಷ ಸುತ್ತೋಲೆಗಳನ್ನು ಓದಿದವಳಾಗಿ ಹೇಳುತ್ತೇನೆ, ಈ ಎರಡು ಪದಗಳ ನಡುವೆ ಒಬ್ಬ ಹುಡುಗನ ಬದುಕು ಬಿದ್ದುಹೋಗಬಲ್ಲದು. 2016ರ ಮಾದರಿ ನಿಯಮಗಳಲ್ಲಿ ಆರರಿಂದ ಎಂಟು ಮಂದಿ ಒಟ್ಟಿಗೆ ಇರುವ ತಾತ್ಕಾಲಿಕ ಗುಂಪು ಮನೆಗಳ ಮಾತಿದೆ. ಮಕ್ಕಳ ರಕ್ಷಣೆಗೆಂದು ಕೇಂದ್ರ ಸರ್ಕಾರ ತಂದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಹೀಗೆ ಹೊರಬಂದವರಿಗೆ ತಿಂಗಳಿಗೆ 4,000 ರೂಪಾಯಿಯ ಅನುಪಾಲನಾ ನೆರವಿದೆ. ಆದರೆ ಸಾಮಾನ್ಯವಾಗಿ 21ಕ್ಕೆ, ವಿಶೇಷ ಸಂದರ್ಭದಲ್ಲಿ 23ಕ್ಕೆ ಎಲ್ಲವೂ ಮುಗಿಯುತ್ತದೆ. ನನ್ನ ಮಗ ಇಪ್ಪತ್ತಾರರಲ್ಲಿ ಕೆಲಸ ಕಳೆದುಕೊಂಡು ಎಂಟು ತಿಂಗಳು ಮನೆಗೆ ಬಂದು ಕುಳಿತಿದ್ದ. ನಿನ್ನ ವಯಸ್ಸು ಮೀರಿತು ಎಂದು ನಾವು ಅವನಿಗೆ ಹೇಳಲಿಲ್ಲ.

ತಿಂಗಳಿಗೆ ನಾಲ್ಕು ಸಾವಿರ ಕೈಗೆ ಬಂದರೂ ಅಡ್ವಾನ್ಸಿಗೆ ಏನು ಮಾಡುವುದು? ಆ ಕೋಣೆಯ ಬಾಡಿಗೆ ಆರು ಸಾವಿರ, ಕೇಳಿದ್ದು ಹತ್ತು ತಿಂಗಳ ಅಡ್ವಾನ್ಸ್. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳದ್ದು ಮುರಿದುಕೊಳ್ಳುವುದು ಬೇರೆ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು ಎನ್ನುತ್ತದೆ, ಆದರೆ ನಮ್ಮ ಬೀದಿಗಳಲ್ಲಿ ಆ ಮಾತು ಕೇಳಿಸುವುದೇ ಇಲ್ಲ. ಪಿ.ಜಿ.ಗೆ ಹೋಗಲಿ ಎನ್ನುತ್ತೀರಿ. ಅಲ್ಲಿ ಕೆಲಸ ತಪ್ಪಿದ ತಿಂಗಳೇ ಹಾಸಿಗೆಯೂ ತಪ್ಪುತ್ತದೆ.

ಬ್ಯಾಂಕಿನವಳ ಕಣ್ಣಿಗೆ ಇಲ್ಲೊಂದು ದಾರಿ ಕಾಣುತ್ತದೆ. ಅಡ್ವಾನ್ಸ್ ಎಂಬುದು ಖರ್ಚಲ್ಲ, ಠೇವಣಿ. ಬಹುಪಾಲು ಹಿಂದಕ್ಕೆ ಬರುತ್ತದೆ. ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಇದಕ್ಕೆಂದೇ ಒಂದು ನಿಧಿ ಇಟ್ಟರೆ, ಒಬ್ಬ ಮನೆ ಬಿಟ್ಟಾಗ ಬಂದ ಹಣ ಇನ್ನೊಬ್ಬನ ಮನೆಗೆ ಹೋಗುತ್ತದೆ. ಮಾಲೀಕರಿಗೆ ಹುಡುಗನ ಬದಲು ಸರ್ಕಾರವೇ ಜಾಮೀನು ನಿಂತಂತೆಯೂ ಆಗುತ್ತದೆ.

ಆದರೆ ಮನೆ ಹಿಡಿಯುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನು ಅರ್ಧ ಕಿಲೋ ಬೇಳೆಯನ್ನು ಎಂದೂ ಕೊಂಡಿರಲಿಲ್ಲ. ಲೈಟ್ ಬಿಲ್ಲಿಗೆ ಕೊನೆಯ ದಿನವಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನವೆಂಬರಿನಲ್ಲಿ ಡೆಂಗಿ ಬಂದು ಹನ್ನೆರಡು ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ಸಂಬಳ ಕಡಿತವಾಯಿತು, ಬಾಡಿಗೆ ನಿಂತಿತು. ನನಗೆ ಹೇಳಲಿಲ್ಲ. ಮಾಲೀಕರು ಫೋನ್ ಮಾಡಿ "ಹುಡುಗ ಗಂಟುಮೂಟೆ ಕಟ್ಟುತ್ತಿದ್ದಾನೆ" ಎಂದಾಗ ಓಡಿದೆ. "ಬಾಡಿಗೆ ಕೊಡಲಾಗದಿದ್ದರೆ ಖಾಲಿ ಮಾಡಬೇಕಲ್ಲವೇ ಮೇಡಂ?" ಎಂದು ಕೇಳಿದ. ಎಲ್ಲಿಗೆ ಹೋಗುತ್ತಿದ್ದೆ ಎಂದರೆ, ಮೆಜೆಸ್ಟಿಕ್ ಎಂದ. ಹದಿನೈದು ದಿನ ತಡವಾಗುತ್ತದೆ ಎಂದು ಮಾಲೀಕರನ್ನು ಕೇಳಿಕೊಳ್ಳಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಕೇಳಿಕೊಂಡೆವು. ಅವರು ಒಪ್ಪಿದರು. ಒಂದು ಮಾತಿಗೆ ಉಳಿಯಬಹುದಾದ ಮನೆಯನ್ನು ಅವನು ಬಿಟ್ಟು ಬಸ್ ನಿಲ್ದಾಣಕ್ಕೆ ಹೊರಟಿದ್ದ. ಅದಕ್ಕೇ, ಹಣದ ಜೊತೆಗೆ ಆಗಾಗ ವಿಚಾರಿಸುವ ಒಬ್ಬ ಹಿರಿಯರನ್ನು, ಕನಿಷ್ಠ ಎರಡು ವರ್ಷಕ್ಕಾದರೂ, ಗೊತ್ತುಮಾಡಬೇಕು ಎನ್ನುತ್ತೇನೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಬಿಗಿ. ಹದಿನೆಂಟರ ನಂತರ ಎಷ್ಟೋ ಮಂದಿ ರಾಜ್ಯ ಮಹಿಳಾ ನಿಲಯಕ್ಕೆ ಹೋಗುತ್ತಾರೆ. ಅಲ್ಲಿ ಅಧಿಕಾರಿಗಳೇ ಮುಂದೆ ನಿಂತು ಧಾರೆ ಎರೆದ ಮದುವೆಗಳ ಫೋಟೋಗಳನ್ನು ಪತ್ರಿಕೆಯಲ್ಲಿ ನೋಡಿದ್ದೇನೆ. ಅವರ ಮನಸ್ಸು ಒಳ್ಳೆಯದೇ, ಆ ಹುಡುಗಿಯರು ಚೆನ್ನಾಗಿರಲಿ. ಆದರೆ ಸ್ವಂತ ಬೀಗದ ಕೈ ಇರುವ ಒಂದು ಕೋಣೆ ಸಿಗುತ್ತದೆ ಎಂದು ಗೊತ್ತಿದ್ದೂ ಮದುವೆಗೆ ಒಪ್ಪುವುದು ಬೇರೆ, ಬೇರೆ ದಾರಿಯಿಲ್ಲದೆ ಒಪ್ಪುವುದು ಬೇರೆ.

ಮನೆ ಬಾಡಿಗೆಗೆ ಕೊಡುವ ನನ್ನ ಸ್ನೇಹಿತರಲ್ಲಿ ಒಂದು ಕೋರಿಕೆ. ಇಂಥ ಮಕ್ಕಳು ಬಾಗಿಲಿಗೆ ಬಂದಾಗ ತಂದೆಯ ಬದಲು ಕೆಲಸದ ಬಗ್ಗೆ ಕೇಳಿ, ಅವರನ್ನು ಬಲ್ಲ ಶಿಕ್ಷಕರ ಜೊತೆ ಮಾತನಾಡಿ. ನಮ್ಮ ಮನೆಯ ಮಹಡಿಯ ಮೇಲಿನ ಕೋಣೆ ಬರುವ ತಿಂಗಳು ಖಾಲಿಯಾಗುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಹೇಳಿ ಬಂದಿದ್ದೇನೆ: ಎರಡು ತಿಂಗಳ ಅಡ್ವಾನ್ಸ್ ಸಾಕು, ಅದನ್ನೂ ಕಂತಿನಲ್ಲಿ ಕೊಡಬಹುದು.