ಡಿಸಿ ರಜೆ ಕೊಟ್ರಾ?

ಜುಲೈ ಬಂತೆಂದರೆ ಮಲೆನಾಡು, ಕರಾವಳಿ, ಕೊಡಗಿನ ಮಕ್ಕಳ ಪ್ರಶ್ನೆ ಒಂದೇ: ‘ನಾಳೆ ಡಿಸಿ ರಜೆ ಕೊಟ್ರಾ?’ ಅವರ ಪಾಲಿಗೆ ರೆಡ್ ಅಲರ್ಟ್ ಅಂದರೆ ರಜೆ. ಪಾಪ, ನಾವು ಹೇಳಿಕೊಟ್ಟಿದ್ದೇ ಅಷ್ಟು. ಒಂದೇ ದಿನದಲ್ಲಿ 20 ಸೆಂಟಿಮೀಟರ್‌ಗಿಂತ ಜಾಸ್ತಿ, ಅಂದರೆ ಎಂಟು ಇಂಚು ಮಳೆ ಸುರಿಯಬಹುದು ಅನ್ನುವ ಎಚ್ಚರಿಕೆ ಅದು. ರಜೆ ಕೊಟ್ಟು ಮಕ್ಕಳನ್ನು ಕೂರಿಸುವುದು ಎಲ್ಲಿ? ಗುಡ್ಡದ ಬುಡದ ಮನೆಯಲ್ಲೇ ಅಲ್ವಾ!

ಶಾಲೆಗಳಲ್ಲಿ ವಿಪತ್ತು ಎದುರಿಸುವ ಅಣಕು ಪ್ರದರ್ಶನ ನಡೆಯುತ್ತದೆ, ನಿಜ. ಸೈರನ್, ಸ್ಟ್ರೆಚರ್, ಅತಿಥಿಗಳ ಭಾಷಣ, ಗ್ರೂಪ್ ಫೋಟೋ. ಬೇಡ ಅನ್ನಲ್ಲ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಕಡೆಯ ಮಕ್ಕಂದೂರು, ಮದೆನಾಡು, ಜೋಡುಪಾಲದಲ್ಲಿ ಜರಿದದ್ದು ಗುಡ್ಡ. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನ ಹೆದ್ದಾರಿಗೆ ಬಿದ್ದದ್ದೂ ಗುಡ್ಡವೇ.

ಗುಡ್ಡ ಕುಸಿತದ ಪಾಠ ಮೇ ತಿಂಗಳಲ್ಲೇ, ಊರೊಳಗೇ ಶುರುವಾಗಲಿ. ಮಕ್ಕಳು ಅಜ್ಜ ಅಜ್ಜಿಯರ ಜೊತೆ ಗುಡ್ಡ ಸುತ್ತಿ ನಕ್ಷೆ ಬರೆಯಲಿ. ತೋಡು, ಅಂದರೆ ಹಳ್ಳ, ಮೊದಲು ಎಲ್ಲಿ ಹರಿಯುತ್ತಿತ್ತು? ಅದನ್ನು ಮುಚ್ಚಿದ್ದು ಯಾರು? ಯಾವ ಧರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಜೆಸಿಬಿ ತಂದು ನೆಟ್ಟಗೆ ಕಡಿದಿದ್ದಾರೆ? (ಇಲ್ಲಿ ಜಗಳ ಗ್ಯಾರಂಟಿ. ಆಗಲಿ ಬಿಡಿ.) ನೆಲ ಬಿರುಕು ಬಿಟ್ಟರೆ, ಮರ ವಾಲಿದರೆ, ಹರಿಯುವ ತೋಡು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತೇಹೋದರೆ ಕೂಡಲೇ ಜಾಗ ಬಿಡಬೇಕು. ಇದು ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ. ತೋಟದ ಮನೆಗಳಲ್ಲಿ ಮಳೆಯನ್ನು ಇಂಚಿನಲ್ಲಿ ಅಳೆದು ಡೈರಿಯಲ್ಲಿ ಬರೆದಿಡುವ ಅಭ್ಯಾಸ ಹೇಗೂ ಇದೆ. ಆ ಕೆಲಸ ಮಕ್ಕಳಿಗೆ ಕೊಡಿ. ಐದು ಇಂಚು, ಆರು ಇಂಚು ಅಂತ ತಾವೇ ಬರೆದವರಿಗೆ ಅಲರ್ಟ್ ಅಂದರೇನು ಅಂತ ಬೇರೆ ಪಾಠ ಬೇಡ.

ಜಪಾನಿನ ಕಮೈಶಿಯಲ್ಲಿ ಮಕ್ಕಳು ಹೀಗೇ ತಮ್ಮ ಊರಿನ ನಕ್ಷೆ ಬರೆದು ಕಲಿತಿದ್ದರು. 2011ರ ಮಾರ್ಚ್ 11ರಂದು ಭೂಮಿ ನಡುಗಿದಾಗ ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದು ಎತ್ತರಕ್ಕೆ ಓಡಿದರು. ಮೊದಲು ನಿಂತ ಜಾಗವೂ ಸಾಲದು ಅನ್ನಿಸಿ ಇನ್ನೂ ಮೇಲೆ ಹೋದರು. ಸುನಾಮಿ ಬಂದಾಗ ಅವರು ಬದುಕಿದ್ದು ಅದರಿಂದ.

ನಮ್ಮಲ್ಲಿ ಕಷ್ಟ ಇರುವುದು ದೊಡ್ಡವರದ್ದು. ಮಗು ‘ಹೋಗೋಣ’ ಅನ್ನುತ್ತದೆ, ಅಪ್ಪ ಕೊಟ್ಟಿಗೆ ಕಡೆ ನೋಡುತ್ತಾನೆ. ದನ ಬಿಟ್ಟು ಹೇಗೆ ಬರೋದು? ಸುಮ್ನೆ ಹಟ ಅಲ್ಲ, ಅದು ಅವನ ಬದುಕು. ಅದಕ್ಕೇ ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರ ನಕ್ಷೆ ಮೇಜಿನ ಮೇಲೆ ಹರಡಿ ಕೇಳಿ: ಮನೆ ಬಿಟ್ಟು ಬಂದವರು ಉಳಿಯುವ ಕಾಳಜಿ ಕೇಂದ್ರ ಯಾವುದು, ರಾತ್ರಿ ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ, ದನ ಎಲ್ಲಿ ಕಟ್ಟೋದು?